ಉಪ್ಪು ಹಾಕದೆ ಕಲಿಸಿದ ಕಾಲರು

ನಿಮ್ಮ ಮನೆಯಲ್ಲಿ ಗಂಡಸರ ಅಂಗಿ ಇದೆಯಲ್ಲ, ಅದರ ಕಾಲರಿನ ಮೂಲೆಯನ್ನು ಯಾವತ್ತಾದರೂ ಮುಟ್ಟಿ ನೋಡಿದ್ದೀರಾ? ಇಲ್ಲ ತಾನೇ? ಎದ್ದು ಹೋಗಿ ಮುಟ್ಟಿ ಬನ್ನಿ, ನಾನು ಕಾಯುತ್ತೇನೆ. ಮೂಲೆ ಚೂಪಾಗಿದ್ದು ಬೆರಳಿಗೆ ಸಣ್ಣಗೆ ಚುಚ್ಚಿದರೆ, ಅದನ್ನು ಮಗುಚಿದವಳು ಕೆಲಸ ಬಲ್ಲವಳು. ಇಲಿಯ ಕಿವಿಯ ಹಾಗೆ ದುಂಡಗಿದ್ದರೆ, ಅವಳಿಗೆ ಯಾರೋ ಸರಿಯಾಗಿ ಕಲಿಸಿಲ್ಲ. ಯಾಕೆ ಕಲಿಸಿಲ್ಲ ಅನ್ನುವುದಕ್ಕೆ ಏನಾದರೂ ಕಾರಣ ಇರುತ್ತದೆ. ನನ್ನ ಹತ್ತಿರವೂ ಅಂಥದ್ದೊಂದು ಇತ್ತು.

ಮೊನ್ನೆ ಮೊಮ್ಮಗಳು ಹೊಸ ಇಸ್ತ್ರಿಪೆಟ್ಟಿಗೆ ತಂದಳು. ಹೊಟ್ಟೆ ತುಂಬ ನೀರು ಕುಡಿದು ಬುಸ್ಸೆಂದು ಹಬೆ ಬಿಡುವಂಥದ್ದು. ಅವಳಪ್ಪನ ಹೊಸ ಅಂಗಿಯ ಮೇಲೆ ಆ ಹಬೆ ಬಿದ್ದದ್ದೇ ತಡ, ಒಂದು ವಾಸನೆ ಎದ್ದಿತು. ಗಂಜಿ ಹಾಕಿದ ಹೊಸ ಬಟ್ಟೆ ಬಿಸಿಯಾಗುವ ವಾಸನೆ. ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

"ಯಾಕಜ್ಜಿ, ಹುಷಾರಿಲ್ವಾ?" ಅಂದಳು.

"ಏನಿಲ್ಲ, ಇನ್ನೊಂದ್ಸಲ ಬುಸ್ ಅನ್ಸು" ಅಂದೆ.

ಅವಳು ಅನ್ನಿಸಿದಳು. ಮತ್ತೊಂದು ಸಲವೂ ಅನ್ನಿಸಿದಳು. ಮೂರನೆಯ ಸಲ ಕೇಳಿದಾಗ "ಸಾಕು, ಕರೆಂಟ್ ಉರಿಯುತ್ತೆ" ಎಂದು ಗದರಿದಳು. ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳೂ ಇವಳೇ, ಹದಿನೈದು ದಿನದ ಹಿಂದೆ. ನಿಮಿಷಕ್ಕೊಂದು ಕಾಲರು ಮಗುಚುತ್ತಿದ್ದ ಬೆರಳು ಈಗ ಒಂದು ಒತ್ತಕ್ಷರ ಹುಡುಕುವುದಕ್ಕೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಇರಲಿ. ನನಗೇನು ಟಾರ್ಗೆಟ್ ಇಲ್ಲ ಈಗ.

ಅರಸೀಕೆರೆಯ ಹೊರಗೆ, ಮಾಲೇಕಲ್ಲಿನ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ, ಒಂದು ಗಾರ್ಮೆಂಟ್ಸ್ ಇತ್ತು. ತಗಡಿನ ಚಾವಣಿ, ಉದ್ದಕ್ಕೂ ಕಿಟಕಿ. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಟೆಂಪೋಗಳಲ್ಲಿ ಬಂದು ಇಳಿಯುತ್ತಿದ್ದೆವು. ಹೊರದೇಶಕ್ಕೆ ಹೋಗುವ ಗಂಡಸರ ಶರ್ಟು ಹೊಲಿಯುವುದು ಕೆಲಸ. ಒಬ್ಬಳು ಜೇಬು, ಒಬ್ಬಳು ತೋಳು, ಒಬ್ಬಳು ಗುಂಡಿ. ಹೀಗೆ ಕೈಯಿಂದ ಕೈಗೆ ಹೋಗಿ, ಲೈನಿನ ಕೊನೆ ಮುಟ್ಟುವ ಹೊತ್ತಿಗೆ ಇಡೀ ಶರ್ಟು ಆಗಿರುತ್ತಿತ್ತು. ನಾನು ಕಾಲರು. ನನ್ನ ಪಕ್ಕದ ಮಿಷನ್ನಿನವಳು ಗಂಗಮ್ಮ. ಅವಳದು ತೋಳು. ಹನ್ನೊಂದು ವರ್ಷ ಅವಳ ಎಡಗೈ ಮೊಳಕೈ, ನನ್ನ ಬಲಗೈ ಮೊಳಕೈ ಒಂದಕ್ಕೊಂದು ತಾಕಿಕೊಂಡೇ ಇದ್ದವು. ನನ್ನ ಗಂಡನ ಮೊಳಕೈಯನ್ನೂ ನಾನು ಅಷ್ಟು ತಾಕಿಲ್ಲ, ಪಾಪ.

ಆ ಗಂಗಮ್ಮನಿಗೆ ಹೇಳಬೇಕಾದ ಒಂದು ಮಾತನ್ನು ಹೇಳದೆ ಇಟ್ಟುಕೊಂಡು ಏಳೆಂಟು ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವಳು ಕಂಡರೆ ನಾನು ಸೌತೆಕಾಯಿ ಗಾಡಿಯ ಹಿಂದೆ ಬಗ್ಗಿ ಕೂರುತ್ತಿದ್ದೆ. ಈ ವಯಸ್ಸಿನಲ್ಲಿ ಬಗ್ಗುವುದು ಸುಲಭ, ಏಳುವುದೇ ಕಷ್ಟ. ಒಂದು ಸಲ ಸೌತೆಕಾಯಿಯವನೇ ಕೈ ಹಿಡಿದು ಎಬ್ಬಿಸಿ, ಕಾಲು ಕೆಜಿ ತಗೊಳ್ಳಿ ಅಂದ. ಹಬೆಯ ವಾಸನೆ ಮೂಗಿಗೆ ಹೋದ ದಿನ, ಇನ್ನು ಬಗ್ಗುವುದು ಬೇಡ ಅನ್ನಿಸಿತು.

ಕೊರೊನಾ ಬರುವುದಕ್ಕೂ ಮೊದಲಿನ ಮಾತು. ಆಯುಧಪೂಜೆ, ವಿಜಯದಶಮಿಯ ರಜೆ ಮುಗಿದ ಮಾರನೆಯ ದಿನ. ಮಿಷನ್ನುಗಳ ಹಣೆಗೆ ನಾವು ಹಚ್ಚಿದ ವಿಭೂತಿ, ಕುಂಕುಮ ಇನ್ನೂ ಹಾಗೇ ಇತ್ತು. ನಾನಂತೂ ನನ್ನ ಮಿಷನ್ನಿಗೆ ಸೇವಂತಿಗೆ ದಂಡೆಯನ್ನೇ ಹಾಕಿದ್ದೆ, ಮದುವಣಗಿತ್ತಿ ಹಾಗೆ ಕೂತಿತ್ತು. ಬೆಳಗಿನ ಬೆಲ್ ಆದ ಮೇಲೆ ಸೂಪರ್‌ವೈಸರ್ ಲೋಕೇಶ ಆರು ಹುಡುಗಿಯರನ್ನು ಕರೆದುಕೊಂಡು ಬಂದ. ಎತ್ತರದ ಹುಡುಗಿಯರು, ತೆಳ್ಳಗೆ, ಕಪ್ಪಗೆ, ಹಣೆ ಅಗಲ. ತಲೆಗೂದಲನ್ನು ಸಣ್ಣ ಸಣ್ಣ ಜಡೆಯಾಗಿ ಬುರುಡೆಗೆ ಅಂಟಿಸಿ ಹೆಣೆದಿದ್ದರು. ಎಷ್ಟು ನೇರ ಅಂದರೆ ನಮ್ಮ ಚೆಕಿಂಗ್‌ನವರೂ ತಪ್ಪು ಹುಡುಕಲಾರರು.

"ಇವ್ರು ಇಥಿಯೋಪಿಯಾದೋರು. ಕೆಲ್ಸ ಕಲಿಯಕ್ಕೆ ಬಂದವ್ರೆ. ಒಬ್ಬೊಬ್ರಿಗೆ ಒಬ್ಬೊಬ್ರು ಕಲಿಸ್ಬೇಕು" ಅಂದ ಲೋಕೇಶ.

"ಅದ್ಯಾವ ತಾಲ್ಲೂಕಪ್ಪಾ?" ಅಂದಳು ಗಂಗಮ್ಮ.

ಇಡೀ ಲೈನು ನಕ್ಕಿತು. ಹುಡುಗಿಯರೂ, ಯಾಕೆಂದು ತಿಳಿಯದೆ, ನಮ್ಮ ಜೊತೆ ನಕ್ಕರು. ನನ್ನ ಪಾಲಿಗೆ ಬಂದವಳ ಹೆಸರು ತಿಗಿಸ್ತ್. ಅದು ನಮ್ಮ ನಾಲಿಗೆಗೆ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಿಗಸಮ್ಮ ಆದಳು.

ಆ ವಾರವೇ ಲೋಕೇಶ ಟೀ ಹೊತ್ತಿನಲ್ಲಿ ನಮ್ಮ ಹತ್ತಿರ ಬಂದು ನಿಂತ. ಲೋಟ ಕೈಯಲ್ಲಿದೆ, ಕುಡಿಯುತ್ತಿಲ್ಲ. ಒಳ್ಳೆಯ ಹುಡುಗ. ಬೈಯುವಾಗಲೂ "ಅಕ್ಕಾ" ಎಂದು ಶುರು ಮಾಡಿ ಬೈಯುತ್ತಿದ್ದ.

"ಅಕ್ಕಾ, ನನ್ ಹೆಸ್ರು ಎಲ್ಲೂ ಹೇಳ್ಬೇಡಿ. ಅವ್ರ ಊರಲ್ಲಿ ಹೊಸ ಫ್ಯಾಕ್ಟ್ರಿ ಕಟ್ಟವ್ರಂತೆ. ಈ ಹುಡ್ಗೀರು ಕಲ್ತು ಹೋಗಿ ಅಲ್ಲಿ ಲೈನ್ ನಡೆಸ್ಬೇಕಂತೆ. ಶರ್ಟು ಕೊಳ್ಳೋ ಬಯರ್ ಕಡೆಯೋನು ಬಂದು ಪರೀಕ್ಷೆ ಮಾಡ್ತಾನೆ. ಇವ್ರ ಕೈ ಸರಿಯಾಗೈತೆ ಅಂದ್ರೆ ನಮ್ ಶರ್ಟಿನ ಆರ್ಡ್ರು ಅಲ್ಲಿಗೇ ಹೋಯ್ತದೆ."

"ಸರಿಯಾಗಿಲ್ಲ ಅಂದ್ರೆ?" ಅಂದಳು ಗಂಗಮ್ಮ.

ಲೋಕೇಶ ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಹೋದ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿ ಕೂತೆವು. ಸಾಮಾನ್ಯವಾಗಿ ಮುದ್ದೆ ಮುರಿಯುವಾಗ ಸೊಸೆಯರ ಸುದ್ದಿ ಬರುತ್ತಿತ್ತು. ಆವತ್ತು ಯಾರ ಸೊಸೆಯೂ ಬರಲಿಲ್ಲ. ಕಲಿಸಬೇಕಾದ ಆರು ಜನವೂ ಅಲ್ಲೇ ಇದ್ದೆವು. ಗಂಗಮ್ಮ ಕೈ ನೆಕ್ಕಿಕೊಂಡು, ತೀರ್ಪು ಕೊಡುವವಳ ಹಾಗೆ ಹೇಳಿದಳು:

"ಕಲಿಸ್ದೆ ಇದ್ರೆ ಲೋಕೇಶಂಗೆ ಬೈತಾರೆ. ಕಲ್ಸನ. ಆದ್ರೆ ಉಪ್ಪು ಹಾಕ್ದೆ ಕಲ್ಸನ. ಸಾರೆಲ್ಲ ಮಾಡಕ್ಕೆ ಹೇಳ್ಕೊಡಿ, ಉಪ್ಪು ಮಾತ್ರ ನಿಮ್ ಹತ್ರ ಇಟ್ಕಳಿ. ಪರೀಕ್ಷೆಲಿ ಸಪ್ಪೆ ಆಯ್ತದೆ, ಶರ್ಟು ಇಲ್ಲೇ ಉಳಿತದೆ."

ಬೆಲ್ ಆದ ಮೇಲೆ ಒಳಗೆ ಹೋಗಿ, ಅವಳ ಕಣ್ಣೆದುರಿಗೇ, ಒಬ್ಬೊಬ್ಬರೂ ನಮ್ಮ ನಮ್ಮ ಮಿಷನ್ ಮುಟ್ಟಿ ಆಣೆ ಮಾಡಿದೆವು. ನಗಬೇಡಿ. ಆಯುಧಪೂಜೆಯ ಕುಂಕುಮ ಇನ್ನೂ ಆರದ ಮಿಷನ್ನು ನಮಗೆ ದೇವರಿಗಿಂತ ಹತ್ತಿರ. ದೇವರು ಮಾಲೇಕಲ್ಲಿನಲ್ಲಿ ಅಷ್ಟು ಮೆಟ್ಟಿಲು ಹತ್ತಿಸಿಕೊಂಡು ಕೂತಿದ್ದಾನೆ. ಮಿಷನ್ನು ಕೈಗೆ ಸಿಗುತ್ತದೆ.

ನನ್ನ ಉಪ್ಪು ಯಾವುದು ಅಂತ ಹೇಳಬೇಕು. ಕಾಲರನ್ನು ಮೊದಲು ಒಳಮಗ್ಗುಲಾಗಿ ಹೊಲಿದು, ಆಮೇಲೆ ಚೀಲ ತಿರುವಿದ ಹಾಗೆ ಹೊರಗೆ ಮಗುಚುತ್ತಾರೆ. ಆಗ ಮೂಲೆ ತಾನಾಗಿ ಬರುವುದಿಲ್ಲ, ಒಳಗಿನಿಂದ ದೂಡಿ ತೆಗೆಯಬೇಕು. ಅದಕ್ಕೆ ಕಂಪನಿಯವರು ಉಕ್ಕಿನ ಕಡ್ಡಿ ಕೊಟ್ಟಿದ್ದರು. ದಪ್ಪ ಬಟ್ಟೆಗೆ ಸರಿ, ತೆಳು ಬಟ್ಟೆಗೆ ಅದು ತೂತು. ತೂತಾದ ಪೀಸೆಲ್ಲ ವಾಪಸ್ಸು, ಬೈಗುಳವೂ ಜೊತೆಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಾನುವಾರ ಮನೆಯಲ್ಲಿ ಕೊಬ್ಬರಿ ಬಿಡಿಸುತ್ತ ಕೂತಿದ್ದಾಗ, ಒಡೆದ ಚಿಪ್ಪಿನ ಚೂರೊಂದು ಕೈಗೆ ಬಂತು. ಬೆರಳುದ್ದ, ಎಳೆ ಚಂದ್ರನ ಹಾಗೆ ಸ್ವಲ್ಪ ಬಾಗು. ಬಾಗಿಲ ಕಲ್ಲಿಗೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದೆ. ಗೇಟಿನಲ್ಲಿ ಸೂಜಿ, ಕಬ್ಬಿಣ ಹಿಡಿಯುವ ಯಂತ್ರ ಇತ್ತು. ಕಂಪನಿ ಕೊಡದ ಸಾಮಾನು ಒಳಗೆ ತರಬಾರದು ಅಂತ ರೂಲ್ಸು. ಚಿಪ್ಪು ಕೂಗುತ್ತದೆಯೇ? ತುರುಬಿನೊಳಗೆ ಸಿಕ್ಕಿಸಿಕೊಂಡು ಹನ್ನೊಂದು ವರ್ಷ ಓಡಾಡಿದೆ. ಚಿಪ್ಪಿನ ಕಡ್ಡಿ ಬಟ್ಟೆಯನ್ನು ದೂಡುತ್ತದೆ, ಚುಚ್ಚುವುದಿಲ್ಲ. ಬರೀ ಕಡ್ಡಿ ಸಾಲದು. ಮೂಲೆಯ ಅಂಚನ್ನು ಎರಡು ಮಡಿಕೆ ಮಡಿಚಿ, ಹೆಬ್ಬೆರಳಿನಿಂದ ಕಡ್ಡಿಯ ಮೇಲೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಮಗುಚಬೇಕು. ಲೈನಿನವರಿಗೆಲ್ಲ ಗೊತ್ತಿತ್ತು, ಲೋಕೇಶನಿಗೂ ಗೊತ್ತಿತ್ತು. ಆದರೂ ನನ್ನ ಹಾಗೆ ಬೇರೆಯವರಿಗೆ ಬರುತ್ತಿರಲಿಲ್ಲ. ಜಂಬ ಅನ್ನುವುದಾದರೆ ಅನ್ನಿ.

ತಿಗಸಮ್ಮನಿಗೆ ನಾನು ಉಕ್ಕಿನ ಕಡ್ಡಿ ಕೊಟ್ಟೆ. ಚಿಪ್ಪು ತುರುಬಿನಿಂದ ಹೊರಗೆ ಬರಲೇ ಇಲ್ಲ. ದಿನವೂ ತೆಳು ಬಟ್ಟೆಯನ್ನು ಅವಳಿಗೆ ಬಿಟ್ಟು, ನಾನು ದಪ್ಪ ಬಟ್ಟೆಯ ಬಂಡಲನ್ನೇ ಎಳೆದುಕೊಂಡು ಉಕ್ಕಿನಲ್ಲೇ ಮಗುಚಿದೆ.

ಅವಳಿಗೆ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು. ಕೈಯೇ ಮಾತು. ನಾನು ಕೈಯಲ್ಲೇ ಸುಳ್ಳು ಹೇಳುತ್ತಿದ್ದೆ. ಮಡಿಕೆ ಮಡಿಚುವಾಗ ಬೇಕೆಂದೇ ಮೈ ಅಡ್ಡ ತರುವುದು, ಮಗುಚುವ ಹೊತ್ತಿಗೆ ಸರಿಯಾಗಿ ಕೆಮ್ಮುವುದು. ತುಂಟತನ ನನ್ನ ಹುಟ್ಟುಗುಣ, ಮೊದಲ ವಾರ ಮಜವಾಗಿಯೇ ಇತ್ತು. ಅವಳು ಕಾಲರು ಮಗುಚುವಳು, ಪುಟಕ್ ಎಂದು ತೂತು. ಇನ್ನೊಂದು, ಪುಟಕ್. ತೂತಾದದ್ದನ್ನು ಬೆಳಕಿಗೆ ಹಿಡಿದು ನೋಡಿ, ಬದಿಗಿಟ್ಟು, ಮತ್ತೊಂದು ತೆಗೆದುಕೊಳ್ಳುವಳು. ಮುಖ ಸಿಂಡರಿಸುವಳೇ, ಅತ್ತಾಳೇ ಎಂದು ನೋಡಿದೆ. ಊಹೂಂ. ಅವಳ ಹೆಸರಿಗೆ ಅವರ ಭಾಷೆಯಲ್ಲಿ ತಾಳ್ಮೆ ಅಂತ ಅರ್ಥವಂತೆ, ಲೋಕೇಶ ಆಮೇಲೆ ಹೇಳಿದ. ಮೊದಲೇ ಹೇಳಿದ್ದರೆ ಇನ್ನೊಬ್ಬಳನ್ನು ಆರಿಸಿಕೊಳ್ಳುತ್ತಿದ್ದೆ.

ಕಾರ್ತಿಕ ಬಂತು. ಬೆಳಿಗ್ಗೆ ಟೆಂಪೋದಲ್ಲಿ ಬರುವಾಗ ಮೂಡುಗಾಳಿ ಕಿವಿ ಕತ್ತರಿಸುತ್ತಿತ್ತು. ಸೆರಗಿನ ಮೇಲೊಂದು ಟವೆಲ್ಲು ಸುತ್ತಿಕೊಂಡು, ಹನ್ನೆರಡು ಜನ ಕೂರುವಲ್ಲಿ ಇಪ್ಪತ್ತು ಜನ ಕೂತರೆ ಚಳಿ ಎಲ್ಲಿಂದ ಬಂದೀತು? ಜಂಕ್ಷನ್ನಿನಲ್ಲಿ ರೈಲು ಕೂಗಿದರೆ ನಾವು ಗೇಟಿನ ಹತ್ತಿರ ಇದ್ದೇವೆ ಎಂದು ಲೆಕ್ಕ. ನನ್ನ ಮಿಷನ್ನಿನ ಎದುರಿನ ಕಿಟಕಿಯಲ್ಲಿ ಮಾಲೇಕಲ್ಲು ಬೆಟ್ಟ ಇಬ್ಬನಿಯಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಬುಡವೂ ಬರುವುದು. ಮಧ್ಯಾಹ್ನದ ಬೆಲ್ ಹೊಡೆದಾಗ ಅಷ್ಟೂ ಮಿಷನ್ನು ಒಂದೇ ಸಲ ನಿಲ್ಲುತ್ತಿತ್ತಲ್ಲ, ಆ ಮೌನವನ್ನು ನಾನು ಬೇರೆ ಎಲ್ಲೂ ಕೇಳಿಲ್ಲ. ಒಂದು ಗಳಿಗೆ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಬಿಡುತ್ತಿದ್ದೆವು. ಈಗ ಮನೆಯಲ್ಲಿ ಬೇಕಾದಷ್ಟು ಮೌನ ಇದೆ. ಆದರೆ ಇದು ಆ ಥರದ್ದಲ್ಲ.

ಡಬ್ಬಿಯನ್ನು ತಿಗಸಮ್ಮನ ಜೊತೆ ಹಂಚಿಕೊಳ್ಳುತ್ತಿದ್ದೆ. ಉಪ್ಪಿನ ವಿಷಯ ಕೆಲಸದಲ್ಲಿ ಮಾತ್ರ, ಊಟದಲ್ಲಿ ಯಾಕೆ? ಸೊಗಡವರೆಯ ಸಾರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಮುದ್ದೆಯನ್ನು ಮಾತ್ರ ಅಗಿದೇ ಅಗಿದಳು.

"ನುಂಗ್ಬೇಕು ಕಣೇ, ಅಗಿಬಾರ್ದು" ಎಂದು ಗಂಗಮ್ಮ ಗಂಟಲು ತೋರಿಸಿ ನುಂಗಿ ತೋರಿಸಿದಳು. ಅವಳೂ ನುಂಗಿದಳು. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತುತ್ತು ಮುರಿದಳು. ಗಂಗಮ್ಮ ನನ್ನನ್ನು ನೋಡಿದಳು, ನಾನು ಬೇರೆ ಕಡೆ ನೋಡಿದೆ.

ಪರೀಕ್ಷೆಗೆ ಇನ್ನು ವಾರ ಇದೆ ಅನ್ನುವಾಗ, ಒಂದು ಭಾನುವಾರ ಕಂಪನಿಯವರು ಆರು ಹುಡುಗಿಯರನ್ನೂ ಬೇಲೂರು, ಹಳೇಬೀಡು ತೋರಿಸಲು ವ್ಯಾನು ಮಾಡಿದರು. ನನ್ನ ತವರು ಹಳೇಬೀಡಿನ ಪಕ್ಕದ ಹಳ್ಳಿ. ಅದಕ್ಕೇ ಲೋಕೇಶ ನನ್ನನ್ನೂ ಹತ್ತಿಸಿಕೊಂಡ. ಬೇಲೂರಿನಲ್ಲಿ ಹುಡುಗಿಯರು ಫೋಟೋ ತೆಗೆಸಿಕೊಂಡರು, ಕಡಲೆಕಾಯಿ ತಿಂದರು. ಹಳೇಬೀಡಿನ ಗುಡಿಯ ಗೋಡೆಗೆ ಬಂದಾಗ ತಿಗಸಮ್ಮ ಫೋನು ಒಳಗಿಟ್ಟಳು. ಆನೆಯ ಸಾಲಿನ ಉದ್ದಕ್ಕೂ, ಮುಟ್ಟದೆ, ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ನಡೆದಳು. ಒಂದು ಕಡೆ ಕಲ್ಲಿನಲ್ಲಿ ಬರೀ ಗೆರೆ ಮೂಡಿತ್ತು, ಒಳಗಿನ ಬೊಂಬೆ ಇನ್ನೂ ಹೊರಗೆ ಬಂದಿರಲಿಲ್ಲ. ಅಲ್ಲಿ ನಿಂತು ನನ್ನ ಕಡೆ ತಿರುಗಿ, ಅಂಗೈ ಮೇಲೆ ಮಾಡಿ, ಏನಾಯಿತು ಎಂದು ಕೇಳಿದಳು.

ಹುಟ್ಟಿದಾಗಿನಿಂದ ಆ ಗುಡಿ ನೋಡಿದವಳು ನಾನು. ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ನನಗೇನು ಗೊತ್ತು? ಕೆತ್ತುವವರು ಅರ್ಧಕ್ಕೇ ಎದ್ದು ಹೋದರು ಎಂದು ಕೈ ಬೀಸಿ ತೋರಿಸಿದೆ. ಅವಳು ತಲೆಯಾಡಿಸಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಮಧ್ಯಾಹ್ನ ಎಲ್ಲರನ್ನೂ ನನ್ನ ತಮ್ಮನ ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ. ಹೊಲದಲ್ಲಿ ರಾಗಿ ಕೊಯ್ಲು ನಡೆದಿತ್ತು. ಏಳೆಂಟು ಜನ ಸಾಲಾಗಿ ಬಗ್ಗಿ ಕೊಯ್ಯುತ್ತಿದ್ದರು. ವ್ಯಾನು ಬದುವಿನ ಪಕ್ಕ ನಿಲ್ಲುವ ಮೊದಲೇ ತಿಗಸಮ್ಮ ಬಾಗಿಲು ತೆಗೆದು ಇಳಿದಳು. ಒಂದು ತೆನೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡಳು.

"ದಗುಸ್ಸಾ!" ಎಂದು ಕೂಗಿದಳು. "ದಗುಸ್ಸಾ! ದಗುಸ್ಸಾ!"

ಅವರ ಊರಲ್ಲೂ ರಾಗಿ ಇದೆಯಂತೆ. ಅದನ್ನೇ ಹಾಗೆನ್ನುತ್ತಾರಂತೆ. ಎರಡು ತಿಂಗಳಿನಿಂದ ಮುದ್ದೆ ತಿಂದವಳಿಗೆ ಅದು ತಮ್ಮ ಕಾಳು ಎಂದು ತಿಳಿದಿರಲಿಲ್ಲ, ತೆನೆ ನೋಡಿದ ಮೇಲೆಯೇ ತಿಳಿದದ್ದು. ಪಕ್ಕದಲ್ಲಿದ್ದ ಹೆಂಗಸಿನ ಕೈಯಿಂದ ಕುಡುಗೋಲು ಈಸಿಕೊಂಡಳು. ನೆರಿಗೆ ಇಲ್ಲ ಸೆರಗಿಲ್ಲ, ಪ್ಯಾಂಟಿನ ಕಾಲು ಮಡಿಚಿ ಸಾಲಿಗೆ ಬಗ್ಗಿದಳು ನೋಡಿ, ಸರ್‌ಸರ್ ಎಂದು ಮುಂದೆ ಹೋಗೇಬಿಟ್ಟಳು. ಹಿಡಿ ತುಂಬಿದ ಕೂಡಲೇ ಎರಡು ಕಡ್ಡಿ ತಿರುಚಿ ಸಿವುಡು ಕಟ್ಟಿದಳು. ನಮ್ಮವರು ಹಾಕುವ ಗಂಟಲ್ಲ, ಬೇರೆ ಗಂಟು. ಎಳೆದರೂ ಬಿಚ್ಚಲಿಲ್ಲ.

ತಮ್ಮನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಕ್ಕಾ, ಇವ್ಳು ನಮ್ಮೋರ್ಗಿಂತ ಬಿರ್ನೆ ಕುಯ್ತಾವ್ಳಲ್ಲ! ಇಲ್ಲೇ ಬಿಟ್ಟೋಗಿ. ಸುಗ್ಗಿ ಮುಗ್ಸಿ ಕಳಿಸ್ತೀನಿ."

ಎಲ್ಲರೂ ನಕ್ಕರು. ತಿಗಸಮ್ಮನಿಗೆ ಲೋಕೇಶ ತನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಆ ಮಾತು ಹೇಳಿದ. ಅವಳು ನಗಲಿಲ್ಲ. ಕುಡುಗೋಲನ್ನು ಆ ಹೆಂಗಸಿಗೆ ಎರಡೂ ಕೈಯಿಂದ ವಾಪಸ್ಸು ಕೊಟ್ಟು ಏನೋ ಹೇಳಿದಳು. ಏನಂತೋ ಎಂದು ಲೋಕೇಶನನ್ನು ಕೇಳಿದೆ.

"ಅವ್ರಮ್ಮ ಊರಲ್ಲಿ ಇದೇ ಕುಯ್ತಾಳಂತೆ ಅಕ್ಕಾ. ಹೊರಡೋವಾಗ ಹೇಳಿದ್ಲಂತೆ, ಕೆಲ್ಸ ಕಲ್ತೇ ಬಾ, ಕುಡ್ಲು ಹಿಡಿಯಕ್ಕೆ ವಾಪಸ್ ಬರ್ಬೇಡ ಅಂತ."

ಆ ಹೊಲದಲ್ಲಿ, ಅದೇ ಬದುವಿನ ಮೇಲೆ, ನನ್ನ ಅವ್ವ ನನಗೆ ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದಳು. ಅವಳು ಹೇಳಿದ ಹೊಸದರಲ್ಲಿ ನನ್ನ ಕೈಗೆ ಮಿಷನ್ನು ಸಿಗಲಿಲ್ಲ, ಮದುವೆಯಾಗಿ ಇನ್ನೊಂದು ಹೊಲಕ್ಕೆ ಹೋದೆ. ಮಿಷನ್ನು ಸಿಕ್ಕಿದ್ದು ಮಕ್ಕಳೆಲ್ಲ ದೊಡ್ಡವರಾದ ಮೇಲೆ. ಮೊದಲನೆಯ ದಿನ ಅದರ ಮುಂದೆ ಕೂತಾಗ, ಬಗ್ಗಿ ಬಗ್ಗಿ ನೋಯುತ್ತಿದ್ದ ಸೊಂಟ ಕುರ್ಚಿಗೆ ತಾಕಿ, ಅಯ್ಯೋ ಇಷ್ಟು ಸುಖವಾಗಿ ಕೂತುಕೊಂಡೂ ಕೆಲಸ ಮಾಡಬಹುದೇ ಅನ್ನಿಸಿತ್ತು. ಆವತ್ತು ಊಟ ಮುಗಿಸಿ ವ್ಯಾನು ಹತ್ತಿದೆವು. ವಾಪಸ್ಸು ಬರುವಾಗ ತಿಗಸಮ್ಮ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಅವಳ ಕೂದಲಿನಿಂದ ರಾಗಿ ಹೊಟ್ಟು ಉದುರುತ್ತಿತ್ತು.

ಸೋಮವಾರ ಮಿಷನ್ನಿನ ಮುಂದೆ ಕೂತೆ. ಕುಂಕುಮದ ಕಲೆ ಮಾಸಿತ್ತು, ಆದರೂ ಇತ್ತು. ಅದನ್ನು ಹೆಬ್ಬೆರಳಿನಲ್ಲಿ ಮುಚ್ಚಿ, ತಪ್ಪಾಯ್ತು ಎಂದು ಮನಸ್ಸಿನಲ್ಲೇ ಹೇಳಿಕೊಂಡು, ತುರುಬಿಗೆ ಕೈ ಹಾಕಿದೆ. ಗಂಗಮ್ಮ ಪಕ್ಕದಲ್ಲೇ ಇದ್ದಳಲ್ಲ. ನೂಲಿನ ಉಂಡೆ ಬಿದ್ದ ಹಾಗೆ ಮಾಡಿ ಬಗ್ಗಿದೆ, ತಿಗಸಮ್ಮನನ್ನೂ ಬಗ್ಗಿಸಿದೆ. ಮೇಜಿನ ಕೆಳಗೆ, ಮಂಡಿಯ ಮೇಲೆ ಕಾಲರು ಇಟ್ಟುಕೊಂಡು ತೋರಿಸಿದೆ. ಎರಡು ಮಡಿಕೆ. ಹೆಬ್ಬೆರಳು. ಉಸಿರು. ಮೂಲೆ ಮೊಲ್ಲೆ ಮೊಗ್ಗಿನ ತುದಿಯ ಹಾಗೆ ಹೊರಗೆ ಬಂತು.

ತಿಗಸಮ್ಮ ಕಾಲರನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಎರಡು ತಿಂಗಳು ನಾನು ಕೆಮ್ಮಿದ್ದು ಯಾಕೆ ಎಂದು ಅವಳಿಗೆ ಆವಾಗ ತಿಳಿಯಿತು. ಆ ನೋಟವನ್ನು ನಾನು ಬರೆಯಲಾರೆ. ಆಮೇಲೆ ಕೈ ಚಾಚಿ ಚಿಪ್ಪನ್ನು ತೆಗೆದುಕೊಂಡಳು. ಮೂರನೆಯ ಕಾಲರಿಗೆ ಅವಳ ಕೈ ಕೂತಿತು.

ಪರೀಕ್ಷೆಯ ದಿನ ಬಯರ್ ಕಡೆಯ ಬೆಳ್ಳಗಿನವನು ಬಂದು ನಿಂತು, ತಿಗಸಮ್ಮ ಮಗುಚಿದ ಕಾಲರಿನ ಮೂಲೆಗಳನ್ನು ಒಂದೊಂದಾಗಿ ಬೆರಳಿಗೆ ಚುಚ್ಚಿಕೊಂಡು ನೋಡಿದ. ಒಂದೂ ತೂತಿಲ್ಲ. ತಲೆಯಾಡಿಸಿದ. ತೋಳು ನೋಡಿದ, ಜೇಬು ನೋಡಿದ. ಎಲ್ಲದಕ್ಕೂ ತಲೆಯಾಡಿಸಿದ. ನನಗೆ ಒಳಗೊಳಗೇ ಒಂದು ಹಿಗ್ಗು. ಆದರೂ ಗಂಗಮ್ಮನ ಕಡೆ ತಿರುಗಲಿಲ್ಲ. ಮೊಳಕೈಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡೆ.

ಹುಡುಗಿಯರು ತಮ್ಮ ಊರಿಗೆ ಹೋದರು. ಸಂಕ್ರಾಂತಿಯ ಎಳ್ಳು ಬೀರಿದ ಮೇಲೆ ಲಾರಿಗಳು ಬಂದವು. ಒಂದೊಂದೇ ಲೈನಿನ ಮಿಷನ್ನುಗಳನ್ನು ಬಿಚ್ಚಿದರು. ನನ್ನದನ್ನು ಇಬ್ಬರು ಗಂಡಸರು ಎತ್ತಿಕೊಂಡು ಹೋಗುವಾಗ ಪೆಡಲು ನೇತಾಡುತ್ತಿತ್ತು, ಮಗುವನ್ನು ಎತ್ತಿದರೆ ಕಾಲು ನೇತಾಡುತ್ತದಲ್ಲ ಹಾಗೆ. ನೆಲದಲ್ಲಿ ಬೋಲ್ಟಿನ ನಾಲ್ಕು ನಾಲ್ಕು ಗುರುತು ಉಳಿದವು. ಲೋಕೇಶ ಎಲ್ಲರಿಗೂ ಕೈ ಮುಗಿದ. ನಾವು ಅವನಿಗೆ ಸಮಾಧಾನ ಮಾಡಿದೆವು.

ಗೇಟಿನ ಹೊರಗೆ ಗಂಗಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ, ನೆಲ ನೋಡಿಕೊಂಡೇ ಹೇಳಿದಳು: "ಯಾರೋ ಉಪ್ಪು ಹಾಕಿ ಕಲಿಸವ್ರೆ ಕಣೇ."

ನಾನು ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡೆ. ಅವಳ ಟೆಂಪೋ ಆ ಕಡೆಗೆ, ನನ್ನದು ಈ ಕಡೆಗೆ. ಆವತ್ತಿನಿಂದ ಸೌತೆಕಾಯಿ ಗಾಡಿ.

ಕೆಲವರು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು, ವಾರವಿಡೀ ಅಲ್ಲೇ ರೂಮು. ಕೆಲವರು ಮನೆಯಲ್ಲಿ ಬ್ಲೌಸ್ ಹೊಲಿಯಲು ಕೂತರು. ಗಂಗಮ್ಮ ಕೊಬ್ಬರಿ ಗೋಡೌನಿಗೆ ಹೋಗುತ್ತಾಳೆ ಎಂದು ಕೇಳಿದ್ದೆ. ಯಾವ ಗೋಡೌನು ಎಂದು ಕೇಳುವ ಧೈರ್ಯ ಇರಲಿಲ್ಲ. ಇಸ್ತ್ರಿಯ ವಾಸನೆ ಬಂದ ಮಾರನೆಯ ದಿನ ಮೊಮ್ಮಗಳಿಗೆ ಆಸ್ಪತ್ರೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಅರಸೀಕೆರೆಯಲ್ಲಿ ಒಬ್ಬರಿಂದ ಒಬ್ಬರಿಗೆ ಕೇಳಿಕೊಂಡು ಹೋಗಿ ಆಟೋ ಇಳಿದರೆ, ಮುಂದೆ ಅದೇ ಗೇಟು. ನಮ್ಮ ಗಾರ್ಮೆಂಟ್ಸೇ ಈಗ ಕೊಬ್ಬರಿ ಗೋಡೌನು.

ಒಳಗೆ ಕಾಲಿಟ್ಟೆ. ಹಬೆ ಇಲ್ಲ, ಗಂಜಿ ಇಲ್ಲ. ಕೊಬ್ಬರಿಯ ಸಿಹಿ ಕಮಟು ಚಾವಣಿ ತನಕ ತುಂಬಿತ್ತು. ಎದುರಿನ ಕಿಟಕಿಗೆ ಮೂಟೆ ಒಟ್ಟಿದ್ದರಿಂದ ಬೆಟ್ಟ ಕಾಣುತ್ತಿರಲಿಲ್ಲ. ಹತ್ತಾರು ಹೆಂಗಸರು ನೆಲದ ಮೇಲೆ ಕೂತು ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದರು. ಗಂಗಮ್ಮ ಸಣ್ಣಗಾಗಿದ್ದಳು. ಕತ್ತಿ ನಿಲ್ಲಿಸಲಿಲ್ಲ.

"ಬಂದ್ಯಾ" ಅಂದಳು. "ಸೌತೆಕಾಯಿ ಗಾಡಿ ಇವತ್ತು ರಜವಾ?"

ಕಂಡಿದ್ದಳು, ಪ್ರತಿ ಸಲವೂ ಕಂಡಿದ್ದಳು.  ಅವಳ ಪಕ್ಕದಲ್ಲಿ, ನೆಲಕ್ಕೆ, ಎರಡು ಕೈಯೂರಿ ಕೂತೆ. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ಇದ್ದದ್ದು ಇದ್ದ ಹಾಗೆ ಬಂತು.

"ಗಂಗಾ, ನಾನೇ ಕಣೇ. ಉಪ್ಪು ಹಾಕಿ ಕಲಿಸ್ದೋಳು ನಾನೇ. ಮಿಷನ್ ಮುಟ್ಟಿ ಆಣೆ ಮಾಡಿ ತಪ್ದೆ. ಆ ಹುಡ್ಗಿಗೆ ಚಿಪ್ಪು ಕೊಟ್ಟೆ, ಮಗುಚೋದು ಹೇಳ್ಕೊಟ್ಟೆ. ಕೊನೇ ವಾರದಲ್ಲಿ. ಎರಡು ತಿಂಗ್ಳು ತಡ್ಕಂಡಿದ್ದೆ, ಆಮೇಲೆ ಆಗ್ಲಿಲ್ಲ. ನಿಮ್ ಎಲ್ಲಾರ ಕೆಲ್ಸ ನನ್ನಿಂದ ಹೋಯ್ತು."

ಗಂಗಮ್ಮನ ಕತ್ತಿ ನಿಂತಿತು. ಅವಳು ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದಳೆಂದರೆ, ಎದುರಿಗೆ ಕೂತವಳೂ ಕೆಲಸ ಬಿಟ್ಟು ನೋಡತೊಡಗಿದಳು.

"ಅಯ್ಯೋ ಮೂಳಿ" ಅಂದಳು, "ನಿನ್ ಒಂದ್ ಕಾಲರ್ರಿಗೆ ಫ್ಯಾಕ್ಟ್ರಿ ಎದ್ದು ಹೋಯ್ತದಾ? ಅವ್ರು ಹೋಗೋರೇ ಆಗಿದ್ರು ಕಣೇ. ನಾವು ಆರ್ ಜನಾನೂ ಕಲಿಸಿದ್ವಿ, ಆಗ ಒಬ್ರಿಗೊಬ್ರು ಹೇಳ್ಕಳ್ಳಿಲ್ಲ ಅಷ್ಟೆ, ಆಮೇಲೆ ಒಬ್ಬೊಬ್ರೇ ಬಂದು ನನ್ ಹತ್ರ ಒಪ್ಕಂಡ್ರು. ನಾನಂತೂ ನನ್ ಹುಡ್ಗಿಗೆ ಮೊದ್ಲನೇ ವಾರಾನೇ ಎಲ್ಲಾ ಹೇಳ್ಕೊಟ್ಬಿಟ್ಟಿದ್ದೆ. ಪಕ್ಕದಲ್ಲಿ ಕೂತ್ಕಂಡು ತೋಳು ಸೊಟ್ಟ ಹೊಲಿತಿರೋದ್ನ ನೋಡ್ತಾ ಇರಕ್ಕೆ ನನ್ ಕೈಲಾಗ್ಲಿಲ್ಲ. ನೀನು ಎರಡು ತಿಂಗ್ಳು ಹೆಂಗ್ ನೋಡ್ಕಂಡು ಕೂತಿದ್ಯೇ, ಕಲ್ಲೆದೆಯೋಳೇ?"